500 ಎಂಬಿಪಿಎಸ್ ಫೈಬರ್ ಮನೆಗೆ ಎಸ್‌ಕ್ಯೂಎಂ ನಡೆಸಬಲ್ಲ ರೌಟರ್ ಯಾವುದು?

ಕುವೆಂಪುನಗರ_ಮನೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಗೆ ಇತ್ತೀಚೆಗೆ 500 ಎಂಬಿಪಿಎಸ್ ಫೈಬರ್ ಸಂಪರ್ಕ ಹಾಕಿಸಿದ್ದೇವೆ. ಡೌನ್‌ಲೋಡ್, ಅಪ್‌ಲೋಡ್ ಎರಡಕ್ಕೂ ಅದೇ ವೇಗ. ನಾನು ಮಹಡಿಯ ಕೋಣೆಯಲ್ಲಿ ಕೂತು ಕಚೇರಿ ಕೆಲಸ ಮಾಡುತ್ತೇನೆ ಮತ್ತು ದಿನದ ಹೆಚ್ಚಿನ ಹೊತ್ತು ವಿಡಿಯೊ ಸಭೆಗಳಲ್ಲಿರುತ್ತೇನೆ. ನಮ್ಮ ಯಜಮಾನರು ಕೆಳಗಿನ ಕೋಣೆಯಿಂದ ಆನ್‌ಲೈನ್ ಪಾಠ ಹೇಳುತ್ತಾರೆ, ಮಗ ಸಂಜೆಯಾದರೆ ಆಟವಾಡುತ್ತಾನೆ, ಎಲ್ಲರ ಫೋನುಗಳೂ ಫೋಟೊಗಳನ್ನು ಕ್ಲೌಡ್‌ಗೆ ಕಳಿಸುತ್ತಿರುತ್ತವೆ. ವೇಗ ಪರೀಕ್ಷೆ ಮಾಡಿದರೆ 500ರ ಹತ್ತಿರ ತೋರಿಸುತ್ತದೆ. ಆದರೂ ಯಾರದೋ ಫೋನು ದೊಡ್ಡ ವಿಡಿಯೊ ಒಂದನ್ನು ಮೇಲೇರಿಸಲು ಶುರು ಮಾಡಿತೆಂದರೆ ಸಭೆಯಲ್ಲಿ ನನ್ನ ದನಿ ತುಂಡು ತುಂಡಾಗಿ ಕೇಳಿಸುತ್ತದೆಂದು ಸಹೋದ್ಯೋಗಿಗಳು ಹೇಳುತ್ತಾರೆ.

ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್, ಅಂದರೆ ಸಂಚಾರದ ಸಾಲನ್ನು ನಿಭಾಯಿಸುವ ಏರ್ಪಾಡು) ಇರುವ ರೌಟರ್ ಕೊಂಡರೆ ಈ ತೊಂದರೆ ಹೋಗುತ್ತದೆಂದು ಓದಿದೆ. ಆದರೆ ಅದನ್ನು ಚಾಲೂ ಮಾಡಿದರೆ ಸಾಧಾರಣ ರೌಟರಿನ ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆಂದೂ ಓದಿದೆ. 20,000 ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ನನ್ನ ಕಚೇರಿಯ ಲ್ಯಾಪ್‌ಟಾಪಿಗೆ ಎಲ್ಲಕ್ಕಿಂತ ಮೊದಲ ಆದ್ಯತೆ ಸಿಗಬೇಕು, 500 ಎಂಬಿಪಿಎಸ್ ವೇಗವೂ ಉಳಿಯಬೇಕು. ಅಂಥ ರೌಟರ್ ಯಾವುದೆಂದು ತಿಳಿದವರು ದಯವಿಟ್ಟು ಹೇಳಬೇಕು.

ಜಾಲಗಾರ ಬರೆದದ್ದು:

ಮೇಡಂ, ರೌಟರಿನ ಹೆಸರು ಹೇಳುವ ಮೊದಲು ಒಂದು ವಿಷಯ ಗೊತ್ತಾಗಬೇಕು. ನಿಮ್ಮ ಮನೆಯಲ್ಲಿ ಪ್ಯಾಕೆಟ್‌ಗಳು (ಮಾಹಿತಿಯನ್ನು ಹೊತ್ತೊಯ್ಯುವ ಪುಟ್ಟ ತುಣುಕುಗಳು) ಸಾಲುಗಟ್ಟಿ ನಿಲ್ಲುತ್ತಿರುವುದು ಎಲ್ಲಿ ಎಂಬುದನ್ನು ಅಳೆದು ನೋಡದೆ ಕೊಂಡರೆ 20,000 ರೂಪಾಯಿ ಖರ್ಚಾದ ಮೇಲೂ ದನಿ ತುಂಡಾಗುತ್ತಲೇ ಇರಬಹುದು.

ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ. ಮನೆಯಿಂದ ಹೊರಗೆ ಹೋಗುವ ದಾರಿಯಲ್ಲಿ ಎಲ್ಲಿ ವೇಗ ಕಡಿಮೆಯೋ ಅಲ್ಲಿ ಪ್ಯಾಕೆಟ್‌ಗಳು ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಕಾಯುತ್ತವೆ. ಆ ಬಫರ್ ವಿಪರೀತ ದೊಡ್ಡದಾಗಿದ್ದರೆ ದೊಡ್ಡ ಫೈಲೊಂದು ಅದನ್ನು ತುಂಬಿಸಿಬಿಡುತ್ತದೆ, ಸಭೆಯ ದನಿಯನ್ನು ಹೊತ್ತ ಪುಟ್ಟ ಪ್ಯಾಕೆಟ್ ಅದರ ಬಾಲದಲ್ಲಿ ನಿಲ್ಲಬೇಕಾಗುತ್ತದೆ. ಜಿಮ್ ಗೆಟ್ಟಿಸ್ 2010ರ ಹೊತ್ತಿಗೆ ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಕೋಡೆಲ್ ಎಂಬ ವಿಧಾನವನ್ನು ಪ್ರಕಟಿಸಿದರು. ಸಾಲು ಎಷ್ಟು ಉದ್ದವಿದೆ ಎಂಬುದನ್ನು ಅದು ಲೆಕ್ಕಿಸುವುದಿಲ್ಲ, ಒಂದೊಂದು ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಎಂಬುದನ್ನು ನೋಡುತ್ತದೆ. ಕಾಯುವಿಕೆ 100 ಮಿಲಿಸೆಕೆಂಡುಗಳ ಕಾಲ ಸತತವಾಗಿ 5 ಮಿಲಿಸೆಕೆಂಡಿಗಿಂತ ಮೇಲಿದ್ದರೆ ಪ್ಯಾಕೆಟ್ ಒಂದನ್ನು ಬೀಳಿಸಿ, ಕಳಿಸುವವರಿಗೆ ನಿಧಾನಿಸಲು ಸೂಚನೆ ಕೊಡುತ್ತದೆ. ಒಂದೊಂದು ಸಂಪರ್ಕಕ್ಕೂ ಬೇರೆ ಸಾಲು ಕೊಡುವ ಏರ್ಪಾಡನ್ನು ಇದಕ್ಕೆ ಜೋಡಿಸಿದಾಗ ಎಫ್‌ಕ್ಯೂ-ಕೋಡೆಲ್ ಆಯಿತು, ಅದು ಅದೇ ವರ್ಷ ಲಿನಕ್ಸ್ ಕರ್ನೆಲ್‌ಗೆ ಸೇರಿತು. ಅದರ ಮುಂದಿನ ರೂಪವಾದ ಕೇಕ್ 2018ರಲ್ಲಿ 4.19ನೆಯ ಕರ್ನೆಲ್‌ನೊಂದಿಗೆ ಬಂತು. ರೌಟರಿಗೆ ಹಾಕಬಹುದಾದ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶದಲ್ಲಿ ಎಸ್‌ಕ್ಯೂಎಂ ಎಂದು ಕಾಣುವ ಪುಟದ ಹಿಂದೆ ಕೆಲಸ ಮಾಡುವುದು ಇವೇ.

ಈಗ ಒಂದು ಲೆಕ್ಕ ನೋಡಿ. 1 ಮೆಗಾಬೈಟ್ ಬಫರ್ 20 ಎಂಬಿಪಿಎಸ್ ಸಂಪರ್ಕದಲ್ಲಿ ತುಂಬಿಕೊಂಡರೆ ಖಾಲಿಯಾಗಲು 400 ಮಿಲಿಸೆಕೆಂಡು ಬೇಕು. ಅದೇ ಬಫರ್ 500 ಎಂಬಿಪಿಎಸ್‌ನಲ್ಲಿ 16 ಮಿಲಿಸೆಕೆಂಡಿಗೆ ಖಾಲಿಯಾಗುತ್ತದೆ. ವೇಗ ಹೆಚ್ಚಿದಂತೆ ಫೈಬರ್ ತಂತಿಯ ಬಳಿಯ ಸಾಲು ತಾನಾಗಿ ಕರಗುತ್ತದೆ, ಸಾಲು ಬೇರೊಂದು ಜಾಗಕ್ಕೆ ಸರಿಯುತ್ತದೆ. ಆದ್ದರಿಂದ ದಯವಿಟ್ಟು ಮೊದಲು ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ನೇರವಾಗಿ ರೌಟರಿಗೆ ಜೋಡಿಸಿ ವೇವ್‌ಫಾರ್ಮ್ ಜಾಲತಾಣದ ಬಫರ್‌ಬ್ಲೋಟ್ ಪರೀಕ್ಷೆ ಮಾಡಿ. ಆಮೇಲೆ ಮಹಡಿಯ ಕೋಣೆಯಿಂದ ವೈಫೈ ಮೇಲೆ ಅದನ್ನೇ ಮಾಡಿ. ಎರಡನೆಯ ಸಲ ಇನ್ನೊಂದು ಕಿಟಕಿಯಲ್ಲಿ ರೌಟರಿನ ವಿಳಾಸಕ್ಕೇ ಪಿಂಗ್ (ಹೋಗಿ ಬರಲು ತಗಲುವ ಸಮಯವನ್ನು ಅಳೆಯುವ ಆಜ್ಞೆ) ಓಡುತ್ತಿರಲಿ. ಅಂಕಿಗಳನ್ನು ಇಲ್ಲಿ ಬರೆಯಿರಿ.

ಹಾಸನದ_ಆಟಗಾರ ಬರೆದದ್ದು:

ಇದೇ ವಿಷಯದಲ್ಲಿ ನನ್ನದೂ ಒಂದು ಪ್ರಶ್ನೆ ಇದೆ. ಅಂಗಡಿಯಲ್ಲಿ ಆಟಕ್ಕೆಂದೇ ಮಾರುವ, ಎಂಟು ಆಂಟೆನಾಗಳಿರುವ ರೌಟರುಗಳ ಪೆಟ್ಟಿಗೆಯ ಮೇಲೆ ಕ್ಯೂಒಎಸ್, ಗೇಮ್ ಮೋಡ್ ಎಂದೆಲ್ಲ ಬರೆದಿರುತ್ತದೆ. ಅದು ಇದೇ ಕೆಲಸವನ್ನು ಮಾಡುವುದಿಲ್ಲವೇ? ನನಗೆ ಮುಂಬೈ ಸರ್ವರಿಗೆ ಪಿಂಗ್ 30ರ ಆಸುಪಾಸು ಬರುತ್ತದೆ, ಅದನ್ನು 10ಕ್ಕೆ ಇಳಿಸಬಹುದೇ?

ಜಾಲಗಾರ ಬರೆದದ್ದು:

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬೆಳಕು ಗಾಜಿನ ಎಳೆಯಲ್ಲಿ ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುತ್ತದೆ. ಹಾಸನದಿಂದ ಮುಂಬೈಗೆ ಹೋಗಿ ಬರುವ ದೂರಕ್ಕೂ, ನಿಮ್ಮ ಸೇವಾದಾರರು ಆರಿಸಿದ ಸುತ್ತುದಾರಿಗೂ ತಗಲುವ ಸಮಯವನ್ನು ಯಾವ ರೌಟರೂ ಕಡಿಮೆ ಮಾಡಲಾರದು. ಮನೆಯಲ್ಲಿ ಬೇರೆಯವರು ಡೌನ್‌ಲೋಡ್ ಮಾಡುತ್ತಿರುವಾಗ ಆ 30 ಎಂಬುದು 150ಕ್ಕೆ ಹಾರದಂತೆ ತಡೆಯುವುದು ಮಾತ್ರ ಎಸ್‌ಕ್ಯೂಎಂ ಕೆಲಸ.

ಇನ್ನು ಪೆಟ್ಟಿಗೆಯ ಮೇಲಿನ ಕ್ಯೂಒಎಸ್ ವಿಷಯ. ಕೆಲವು ತಯಾರಕರ ಕ್ಯೂಒಎಸ್ ಎಂದರೆ ಸಾಧನಗಳ ಪಟ್ಟಿಯೊಂದನ್ನು ಮೇಲೆ ಕೆಳಗೆ ಎಳೆದು ಕ್ರಮ ಗೊತ್ತುಪಡಿಸುವುದಷ್ಟೇ. ಸಾಲಿನಲ್ಲಿ ಕಾಯುವ ಸಮಯವನ್ನು ಅದು ಗಮನಿಸುವುದೇ ಇಲ್ಲ. ಕೆಲವರು ನಿಜವಾಗಿಯೂ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಕೊಡುತ್ತಾರೆ. ಯೂಬಿಕ್ವಿಟಿಯವರ ಸ್ಮಾರ್ಟ್ ಕ್ಯೂ, ಮೈಕ್ರೋಟಿಕ್‌ನ ರೌಟರ್‌ಒಎಸ್ 7ನೆಯ ಆವೃತ್ತಿ, ಅಸುಸ್‌ನ ಕೆಲವು ಮಾದರಿಗಳ ಮೇಲೆ ಕೂರುವ ಮರ್ಲಿನ್ ಫರ್ಮ್‌ವೇರ್ ಈ ಗುಂಪಿಗೆ ಸೇರುತ್ತವೆ. ವಿವರಣೆಯ ಪುಟದಲ್ಲಿ ಈ ಎರಡು ಹೆಸರುಗಳಲ್ಲಿ ಒಂದಾದರೂ ಇಲ್ಲದಿದ್ದರೆ ಆಂಟೆನಾಗಳ ಸಂಖ್ಯೆಯನ್ನು ನೋಡಿ ಹಣ ಕೊಡಬೇಡಿ.

ಮಲ್ಲೇಶ್ವರ_ಪ್ರಯೋಗಶಾಲೆ ಬರೆದದ್ದು:

ವೇಗ ಏಕೆ ಬೀಳುತ್ತದೆ ಎಂಬುದನ್ನು ಮೇಡಂ ಅವರಿಗೆ ವಿವರಿಸುವುದು ಒಳ್ಳೆಯದು, ಏಕೆಂದರೆ ಆಯ್ಕೆ ನಿಂತಿರುವುದು ಅದರ ಮೇಲೆ. ಅಂಗಡಿಯ ಸಾಧಾರಣ ರೌಟರ್ ಗಿಗಾಬಿಟ್ ವೇಗವನ್ನು ತನ್ನ ಪ್ರೊಸೆಸರಿನ ಬಲದಿಂದ ಕೊಡುವುದಿಲ್ಲ. ಸಂಪರ್ಕವೊಂದು ಶುರುವಾದ ಮೇಲೆ ಅದರ ಪ್ಯಾಕೆಟ್‌ಗಳನ್ನು ಪ್ರೊಸೆಸರಿನ ಗೊಡವೆಯಿಲ್ಲದೆ ದಾಟಿಸಲು ಚಿಪ್ಪಿನಲ್ಲಿಯೇ ಬೇರೆ ಯಂತ್ರಾಂಗವೊಂದಿದೆ. ಅದನ್ನು ಹಾರ್ಡ್‌ವೇರ್ ಆಫ್‌ಲೋಡ್ ಎನ್ನುತ್ತಾರೆ. ಕೇಕ್ ತನ್ನ ಕೆಲಸ ಮಾಡಬೇಕಾದರೆ ಪ್ರತಿಯೊಂದು ಪ್ಯಾಕೆಟ್ಟೂ ಪ್ರೊಸೆಸರಿನ ಮುಂದೆ ಹಾದುಹೋಗಲೇಬೇಕು. ಹೀಗಾಗಿ ಆಫ್‌ಲೋಡ್ ಇದ್ದರೆ ಕೇಕ್ ಇಲ್ಲ, ಕೇಕ್ ಇದ್ದರೆ ಆಫ್‌ಲೋಡ್ ಇಲ್ಲ.

ಪೂರ್ಣ ಗಾತ್ರದ ಪ್ಯಾಕೆಟ್ ತಂತಿಯ ಮೇಲೆ 1538 ಬೈಟ್ ಜಾಗ ಹಿಡಿಯುತ್ತದೆ. 500 ಎಂಬಿಪಿಎಸ್ ತುಂಬಿ ಹರಿಯುವಾಗ ಒಂದು ದಿಕ್ಕಿನಲ್ಲೇ ಸೆಕೆಂಡಿಗೆ ಸುಮಾರು 40,000 ಪ್ಯಾಕೆಟ್ ಬರುತ್ತವೆ, ಅಂದರೆ ಒಂದೊಂದಕ್ಕೂ ಪ್ರೊಸೆಸರಿಗೆ ಸಿಗುವುದು 25 ಮೈಕ್ರೋಸೆಕೆಂಡಿಗಿಂತ ಕಡಿಮೆ ಸಮಯ. ಗಿಗಾಬಿಟ್ ಆದರೆ ಅದರಲ್ಲಿಯೂ ಅರ್ಧ. ಅಷ್ಟರಲ್ಲಿ ವಿಳಾಸ ಬದಲಾವಣೆ (ಮನೆಯೊಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವುದು), ಫೈರ್‌ವಾಲ್, ಸಾಲಿನ ಲೆಕ್ಕ ಎಲ್ಲವೂ ಮುಗಿಯಬೇಕು. ಮೇಲಾಗಿ ಒಂದು ದಿಕ್ಕಿನ ಶೇಪಿಂಗ್ (ವೇಗಕ್ಕೆ ಮಿತಿ ಕಟ್ಟುವ ಕೆಲಸ) ಹೆಚ್ಚುಕಡಿಮೆ ಒಂದೇ ಕೋರ್ ಮೇಲೆ ಬೀಳುವುದರಿಂದ ನಾಲ್ಕು ಕೋರ್ ಇದೆಯೆಂದು ನಾಲ್ಕು ಪಟ್ಟು ವೇಗ ಸಿಗುವುದಿಲ್ಲ. ಒಂದು ಕೋರ್ ಎಷ್ಟು ಬಲವಾಗಿದೆ ಎಂಬುದೇ ಮುಖ್ಯ.

ನಾನು ಬಳಸುತ್ತಿರುವುದು ಇಂಟೆಲ್ ಎನ್100 ಪ್ರೊಸೆಸರಿನ, ನಾಲ್ಕು 2.5 ಗಿಗಾಬಿಟ್ ಕಿಂಡಿಗಳಿರುವ ಪುಟ್ಟ ಪೆಟ್ಟಿಗೆಯನ್ನು. ಗಿಗಾಬಿಟ್‌ಗೆ ಕೇಕ್ ಹಾಕಿದರೂ ಅದಕ್ಕೆ ಏನೂ ಅನ್ನಿಸುವುದಿಲ್ಲ. ನನ್ನ ಸಲಹೆ ಇದೇ, ಮತ್ತು ಒಮ್ಮೆ ಕೊಂಡರೆ ಬಹಳ ವರ್ಷ ಚಿಂತೆಯಿಲ್ಲ.

ಶಿರಸಿ_ಸೀಮೆ ಬರೆದದ್ದು:

ಮಲ್ಲೇಶ್ವರದವರ ಸಲಹೆಯನ್ನು ಎಲ್ಲರೂ ಹಾಗೆಯೇ ಒಪ್ಪಿಕೊಳ್ಳಬಾರದು ಎಂದು ನನಗನ್ನಿಸುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲು ಬರುವುದಿಲ್ಲ. ಒಎನ್‌ಟಿ (ಮನೆಯಲ್ಲಿ ಫೈಬರ್ ಬಂದು ಸೇರುವ ಪೆಟ್ಟಿಗೆ) ಮತ್ತು ರೌಟರ್ ಎರಡನ್ನೂ 12 ವೋಲ್ಟಿನ ಚಿಕ್ಕ ಯುಪಿಎಸ್ ಮೇಲೆ ನಡೆಸುತ್ತೇವೆ. ಅಂಥ ಯುಪಿಎಸ್‌ಗಳಲ್ಲಿ ಹೆಚ್ಚಿನವು 2 ಆಂಪಿಯರಿನ ಆಸುಪಾಸಿನವು. ರೌಟರ್ ಕೊಳ್ಳುವಾಗ ಅಡಾಪ್ಟರಿನ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಬರೆದಿದೆ ಎಂಬುದನ್ನು ನೋಡದಿದ್ದರೆ ಮೊದಲ ಗಾಳಿಮಳೆಗೇ ಸಭೆ ಕಡಿಯುತ್ತದೆ. ವೇಗವಾದ ಚಿಪ್ಪು ಹೆಚ್ಚು ಕರೆಂಟು ಬೇಡುತ್ತದೆ, ಯುಪಿಎಸ್ ನಿಲ್ಲುವ ಹೊತ್ತು ಅಷ್ಟೇ ಕಡಿಮೆಯಾಗುತ್ತದೆ. ಮೈಸೂರಿನಲ್ಲಿ ಈ ತೊಂದರೆ ಅಷ್ಟಿಲ್ಲದಿರಬಹುದು, ಆದರೂ ಲೆಕ್ಕದಲ್ಲಿರಲಿ.

ನಮ್ಮದು 100 ಎಂಬಿಪಿಎಸ್, ಪಿಪಿಪಿಒಇ (ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕ ಪಡೆಯುವ ವಿಧಾನ) ಮೂಲಕ ಬರುತ್ತದೆ. ಎಂಟಿ7621 ಚಿಪ್ಪಿನ ಹಳೆಯ ರೌಟರಿಗೆ ಓಪನ್‌ಡಬ್ಲ್ಯೂಆರ್‌ಟಿ ಹಾಕಿ ಕೇಕ್ ನಡೆಸುತ್ತಿದ್ದೇನೆ, ಸಾಕಾಗಿದೆ.

ಮಲ್ಲೇಶ್ವರ_ಪ್ರಯೋಗಶಾಲೆ ಬರೆದದ್ದು:

ಶಿರಸಿಯವರ ಮಾತು ಸರಿ. ಎನ್100 ಎಂಬುದು 6 ವ್ಯಾಟ್ ಪ್ರೊಸೆಸರ್ ಎಂದು ಹೇಳಿದರೂ ಇಡೀ ಪೆಟ್ಟಿಗೆ ಅದಕ್ಕಿಂತ ಹೆಚ್ಚು ಎಳೆಯುತ್ತದೆ, ವೈಫೈಗೆ ಬೇರೆ ಆಕ್ಸೆಸ್ ಪಾಯಿಂಟ್ (ವೈಫೈ ಒದಗಿಸುವ ಸಾಧನ) ಬೇಕಾಗುವುದರಿಂದ ಅದರ ಕರೆಂಟೂ ಸೇರುತ್ತದೆ. ಪಿಪಿಪಿಒಇ ಇರುವವರಿಗೆ ಇನ್ನೊಂದು ಎಚ್ಚರಿಕೆ: ಎನ್100 ಪೆಟ್ಟಿಗೆಯ ಮೇಲೆ ಓಪಿಎನ್‌ಸೆನ್ಸ್‌ನಂಥ ಫ್ರೀಬಿಎಸ್‌ಡಿ ಆಧಾರಿತ ವ್ಯವಸ್ಥೆ ಹಾಕುವವರು, ಅದರಲ್ಲಿ ಪಿಪಿಪಿಒಇ ಸಂಚಾರ ಬಹಳ ಕಾಲದಿಂದ ಒಂದೇ ಕೋರ್ ಮೇಲೆ ನಡೆಯುತ್ತ ಬಂದಿದೆ ಎಂಬುದನ್ನು ತಿಳಿದಿರಬೇಕು. ಅದರಲ್ಲಿ ಕೇಕ್ ಕೂಡ ಇಲ್ಲ, ಎಫ್‌ಕ್ಯೂ-ಕೋಡೆಲ್ ಇದೆ. ಅದೇ ಯಂತ್ರಕ್ಕೆ ಓಪನ್‌ಡಬ್ಲ್ಯೂಆರ್‌ಟಿ ಹಾಕಿದರೆ ಕೇಕ್ ಸಿಗುತ್ತದೆ.

ಎಡಿಸನ್_ಕನ್ನಡಿಗ ಬರೆದದ್ದು:

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿನ ಅನುಭವವನ್ನು ಹೇಳುವುದು ಏಕೆಂದರೆ ಇಲ್ಲಿನ ಕೇಬಲ್ ಸಂಪರ್ಕಗಳ ಸಲಹೆಗಳನ್ನು ಓದಿ ಭಾರತದ ಫೈಬರ್‌ಗೆ ಅನ್ವಯಿಸುವವರು ಬಹಳ ಜನ. ನಮ್ಮ ಮನೆಯಲ್ಲಿ ಡೌನ್‌ಲೋಡ್ ಗಿಗಾಬಿಟ್ ಇದ್ದರೆ ಅಪ್‌ಲೋಡ್ 35 ಎಂಬಿಪಿಎಸ್ ಮಾತ್ರ. ಆ ಕಡೆ 1 ಮೆಗಾಬೈಟ್ ಬಫರ್ ತುಂಬಿದರೆ 200 ಮಿಲಿಸೆಕೆಂಡಿಗೂ ಹೆಚ್ಚು ವಿಳಂಬ. ಆದ್ದರಿಂದ ನಾನು ಅಪ್‌ಲೋಡಿಗೆ ಮಾತ್ರ ಕೇಕ್ ಹಾಕಿ, ಡೌನ್‌ಲೋಡ್ ಜಾಗದಲ್ಲಿ ಸೊನ್ನೆ ಬರೆದಿದ್ದೇನೆ. ಎಸ್‌ಕ್ಯೂಎಂ ಪುಟದಲ್ಲಿ ಸೊನ್ನೆ ಎಂದರೆ ಆ ದಿಕ್ಕಿನಲ್ಲಿ ಶೇಪಿಂಗ್ ಬೇಡ ಎಂದು ಅರ್ಥ. 35 ಎಂಬಿಪಿಎಸ್ ಶೇಪಿಂಗ್ ಪ್ರೊಸೆಸರಿಗೆ ಭಾರವೇ ಅಲ್ಲ.

ಇಷ್ಟು ಅಸಮ ಸಂಪರ್ಕದಲ್ಲಿ ಇನ್ನೊಂದು ಸಂಗತಿಯೂ ಇದೆ. ಗಿಗಾಬಿಟ್ ಡೌನ್‌ಲೋಡ್ ಆಗುವಾಗ ಅದು ತಲುಪಿತೆಂದು ತಿಳಿಸುವ ಸ್ವೀಕೃತಿ ಪ್ಯಾಕೆಟ್‌ಗಳೇ ಅಪ್‌ಲೋಡಿನ ದೊಡ್ಡ ಪಾಲನ್ನು ತಿಂದುಹಾಕಬಹುದು. ಎರಡು ಪ್ಯಾಕೆಟ್ಟಿಗೆ ಒಂದು ಸ್ವೀಕೃತಿಯಂತೆ ಲೆಕ್ಕ ಹಾಕಿದರೆ 25 ಎಂಬಿಪಿಎಸ್ ದಾಟುತ್ತದೆ. ಕೇಕ್‌ನಲ್ಲಿ ಇವುಗಳಲ್ಲಿ ಅನಗತ್ಯವಾದವನ್ನು ತೆಗೆಯುವ ಆಕ್-ಫಿಲ್ಟರ್ ಆಯ್ಕೆ ಇರುವುದು ಇಂಥ ಸಂಪರ್ಕಗಳಿಗಾಗಿಯೇ. ಕೇಬಲ್ ಇಂಟರ್ನೆಟ್ಟಿನ ಮಾನದಂಡವಾದ ಡಾಕ್ಸಿಸ್ 3.1ರ ಮೋಡೆಮುಗಳಲ್ಲಿ ಅಪ್‌ಲೋಡ್ ಸಾಲನ್ನು ಚಿಕ್ಕದಾಗಿಡುವ ಪೈ ಎಂಬ ವಿಧಾನವನ್ನು ಕಡ್ಡಾಯ ಮಾಡಿದ ಮೇಲೆ ಇಲ್ಲಿನ ಸ್ಥಿತಿಯೂ ಸುಧಾರಿಸಿದೆ. ಸಮವೇಗದ ಫೈಬರ್ ಇರುವ ಮೇಡಂ ಅವರಿಗೆ ಆಕ್-ಫಿಲ್ಟರ್ ಬೇಕಾಗಿಲ್ಲ.

ಕುವೆಂಪುನಗರ_ಮನೆ ಬರೆದದ್ದು:

ಎಲ್ಲರಿಗೂ ಧನ್ಯವಾದಗಳು. ಜಾಲಗಾರ ಅವರು ಹೇಳಿದಂತೆ ಅಳೆದಿದ್ದೇನೆ. ಕೇಬಲ್ ಮೇಲೆ: ಸುಮ್ಮನಿದ್ದಾಗ ವಿಳಂಬ 7 ಮಿಲಿಸೆಕೆಂಡ್, ಡೌನ್‌ಲೋಡ್ ಆಗುವಾಗ ಅದಕ್ಕೆ 28 ಸೇರುತ್ತದೆ, ಅಪ್‌ಲೋಡ್ ಆಗುವಾಗ 46 ಸೇರುತ್ತದೆ. ವೇಗ ಎರಡೂ ಕಡೆ 480ರ ಮೇಲಿದೆ. ಮಹಡಿಯ ಕೋಣೆಯಿಂದ ವೈಫೈ ಮೇಲೆ: ಡೌನ್‌ಲೋಡ್ 140, ಅಪ್‌ಲೋಡ್ 95 ಎಂಬಿಪಿಎಸ್, ಅಪ್‌ಲೋಡ್ ಆಗುವಾಗ ವಿಳಂಬಕ್ಕೆ 260 ಸೇರುತ್ತದೆ. ಆ ಹೊತ್ತಿನಲ್ಲಿ ರೌಟರಿನ ವಿಳಾಸಕ್ಕೆ ಓಡುತ್ತಿದ್ದ ಪಿಂಗ್ ಕೂಡ 200 ದಾಟುತ್ತಿತ್ತು. ಮಗನಿಗೆ ಹೇಳಿ ಅವನ ಫೋನಿನಿಂದ ದೊಡ್ಡ ವಿಡಿಯೊ ಕಳಿಸಿಸಿದಾಗಲೂ, ನನ್ನ ಲ್ಯಾಪ್‌ಟಾಪಿನಿಂದ ರೌಟರಿಗೆ ಹೋಗುವ ಪಿಂಗ್ ಹಾರಾಡಿತು. ರೌಟರ್ ಇರುವುದು ಕೆಳಗಿನ ಹಜಾರದ ಮೂಲೆಯಲ್ಲಿ, ನಡುವೆ ಕಾಂಕ್ರೀಟ್ ಛಾವಣಿ ಮತ್ತು ಒಂದು ಗೋಡೆ.

ಜಾಲಗಾರ ಬರೆದದ್ದು:

ಈ ಅಂಕಿಗಳು ಬಹಳ ಸ್ಪಷ್ಟವಾಗಿವೆ ಮೇಡಂ. ರೌಟರಿಗೆ ಹೋಗುವ ಪಿಂಗ್ ಮನೆಯಿಂದ ಹೊರಗೆ ಹೋಗುವುದೇ ಇಲ್ಲ. ಅದೇ 200 ದಾಟುತ್ತಿದೆ ಎಂದರೆ ನಿಮ್ಮ ದನಿಯನ್ನು ತುಂಡರಿಸುತ್ತಿರುವ ಸಾಲು ಮಹಡಿಗೂ ಹಜಾರಕ್ಕೂ ನಡುವಿನ ಗಾಳಿಯಲ್ಲಿದೆ, ಫೈಬರ್ ಬಳಿ ಅಲ್ಲ. ಕೇಬಲ್ ಮೇಲೆ ಕಂಡ 46 ಮಿಲಿಸೆಕೆಂಡಿನ ಹೆಚ್ಚಳದಿಂದ ಸಭೆ ಕೆಡುವುದಿಲ್ಲ. ದೂರವಾಣಿ ಮಾತುಕತೆಗೆ ಒಮ್ಮುಖ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಹೆಚ್ಚಿನ ಬಳಕೆಗಳಿಗೆ ತೊಂದರೆಯಿಲ್ಲ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯಾದ ಐಟಿಯುವಿನ ಜಿ.114 ಶಿಫಾರಸಿನ ಅಂದಾಜು.

ಎಸ್‌ಕ್ಯೂಎಂ ಅನ್ನು ಫೈಬರ್ ಕಡೆಯ ಕಿಂಡಿಗೆ 450 ಎಂಬಿಪಿಎಸ್‌ಗೆ ಕಟ್ಟಿದಿರಿ ಎಂದುಕೊಳ್ಳಿ. ಮಹಡಿಯಿಂದ ಬರುವುದೇ 95. ಆ 450ರ ಬಾಗಿಲಿನಲ್ಲಿ ಯಾರೂ ಕಾಯುವುದಿಲ್ಲ, ಹಾಗಾಗಿ ಅಲ್ಲಿ ಎಷ್ಟು ಒಳ್ಳೆಯ ನಿಯಮವಿದ್ದರೂ ಅದರಿಂದ ನಿಮಗೆ ಉಪಯೋಗವಾಗುವುದಿಲ್ಲ. ವೇಗದ ಸಂಪರ್ಕ ಪಡೆದ ಮನೆಗಳಲ್ಲೆಲ್ಲ ಈಗ ಆಗುತ್ತಿರುವುದು ಇದೇ. 20 ಎಂಬಿಪಿಎಸ್ ಕಾಲದಲ್ಲಿ ವೈಫೈ ಎಷ್ಟು ಕೆಟ್ಟಿದ್ದರೂ ತಂತಿಗಿಂತ ವೇಗವಾಗಿತ್ತು, ಸಾಲು ತಂತಿಯ ಬಾಗಿಲಿನಲ್ಲಿ ಕಟ್ಟುತ್ತಿತ್ತು. ಈಗ ತಂತಿ ವೈಫೈಯನ್ನು ಮೀರಿಸಿದೆ. ಇದನ್ನು ಅಳೆಯದೆಯೇ ಜನ ದುಬಾರಿ ರೌಟರ್ ಕೊಳ್ಳುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಗಾಳಿಯಲ್ಲಿ ಇನ್ನೊಂದು ಸಮಸ್ಯೆಯಿದೆ. ಒಂದು ಚಾನೆಲ್‌ನಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬಲ್ಲರು. ದೂರದಲ್ಲಿರುವ ಫೋನು ನಿಧಾನವಾದ ದರದಲ್ಲಿ ಕಳಿಸುವುದರಿಂದ ಅದೇ ವಿಡಿಯೊಗೆ ಹತ್ತಿರದ ಫೋನಿಗಿಂತ ಎಷ್ಟೋ ಪಟ್ಟು ಹೆಚ್ಚು ಗಾಳಿಯ ಸಮಯ ಹಿಡಿಯುತ್ತದೆ, ಉಳಿದವರೆಲ್ಲ ಅದಕ್ಕಾಗಿ ಕಾಯಬೇಕು. ಲಿನಕ್ಸ್‌ನ ವೈಫೈ ಪದರದಲ್ಲಿ ಎಫ್‌ಕ್ಯೂ-ಕೋಡೆಲ್ ಅಳವಡಿಸಿ, ಪ್ರತಿ ಸಾಧನಕ್ಕೂ ಗಾಳಿಯ ಸಮಯವನ್ನು ಸಮನಾಗಿ ಹಂಚುವ ಕೆಲಸ 2017ರ ಸುಮಾರಿಗೆ ಆಗಿದೆ, ಮೀಡಿಯಾಟೆಕ್‌ನ ಎಂಟಿ76 ಮತ್ತು ಕ್ವಾಲ್‌ಕಾಮ್‌ನ ಎಟಿಎಚ್10ಕೆ ಡ್ರೈವರ್‌ಗಳು ಇದನ್ನು ಬಳಸುತ್ತವೆ. ಆದರೆ ಇದು ಪೂರ್ತಿ ನೆರವಾಗುವುದು ಆಕ್ಸೆಸ್ ಪಾಯಿಂಟಿನಿಂದ ಸಾಧನಗಳ ಕಡೆಗೆ ಹೋಗುವ ಸಂಚಾರಕ್ಕೆ. ಫೋನು ತಾನೇ ಕಳಿಸುವ ಸಾಲು ಫೋನಿನ ಒಳಗಿರುತ್ತದೆ, ಅದರ ಮೇಲೆ ರೌಟರಿಗೆ ಹಿಡಿತ ಕಡಿಮೆ. ಅದಕ್ಕಿರುವ ಮದ್ದು ಫೋನು ಮತ್ತು ಲ್ಯಾಪ್‌ಟಾಪಿನ ಸಮೀಪಕ್ಕೆ ಆಕ್ಸೆಸ್ ಪಾಯಿಂಟನ್ನು ತರುವುದು.

ನಿಮ್ಮ 20,000ದಲ್ಲಿ ಮೊದಲ ಖರ್ಚು ಹಜಾರದಿಂದ ಮಹಡಿಗೆ ಒಂದು ಕ್ಯಾಟ್-6 ಕೇಬಲ್ ಎಳೆಸುವುದಕ್ಕಾಗಲಿ. ಗೋಡೆಯೊಳಗೆ ಟಿವಿ ಅಥವಾ ಫೋನ್ ತಂತಿಗೆಂದು ಬಿಟ್ಟ ಪೈಪ್ ಇದ್ದರೆ ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ. ನಿಮ್ಮ ಕಚೇರಿ ಲ್ಯಾಪ್‌ಟಾಪನ್ನು ಆ ಕೇಬಲ್ಲಿಗೇ ಜೋಡಿಸಿ. ಅದೇ ತುದಿಯಲ್ಲಿ ಮಹಡಿಗೊಂದು ಸಾಧಾರಣ ವೈಫೈ 6 ಆಕ್ಸೆಸ್ ಪಾಯಿಂಟ್ ಇಡಿ, ಕೆಳಗಿನದಕ್ಕಿಂತ ಬೇರೆ ಚಾನೆಲ್ ಕೊಡಿ. ತಂತಿಯಿಲ್ಲದ ಮೆಶ್ (ವೈಫೈ ಮೂಲಕವೇ ಒಂದಕ್ಕೊಂದು ಜೋಡಣೆಯಾಗುವ ಪೆಟ್ಟಿಗೆಗಳು) ಬೇಡ. ಅದು ಅದೇ ಗಾಳಿಯನ್ನು ಇನ್ನೊಮ್ಮೆ ಬಳಸುತ್ತದೆ.

ಮಲ್ಲೇಶ್ವರ_ಪ್ರಯೋಗಶಾಲೆ ಬರೆದದ್ದು:

ಜಾಲಗಾರ ಅವರ ನಿರ್ಣಯವನ್ನು ಒಪ್ಪುತ್ತೇನೆ, ಆದರೆ ಒಂದು ಭಿನ್ನಾಭಿಪ್ರಾಯವಿದೆ. ಮಹಡಿಗೆ ಕೇಬಲ್ ಹೋದ ಕೂಡಲೇ ಅಲ್ಲಿನ ಫೋನುಗಳೂ 400 ಎಂಬಿಪಿಎಸ್ ವೇಗದಲ್ಲಿ ಕಳಿಸತೊಡಗುತ್ತವೆ, ಆಗ ಸಾಲು ಮತ್ತೆ ಫೈಬರ್ ಬಾಗಿಲಿಗೇ ಬಂದು ನಿಲ್ಲುತ್ತದೆ. ಇವತ್ತಿನ 46 ಮಿಲಿಸೆಕೆಂಡ್ ಒಂದೇ ಲ್ಯಾಪ್‌ಟಾಪಿನ ಪರೀಕ್ಷೆಯಿಂದ ಬಂದದ್ದು. ನಾಲ್ಕು ಸಾಧನಗಳು ಒಟ್ಟಿಗೆ ಕಳಿಸಿದರೆ ಅಷ್ಟರಲ್ಲೇ ನಿಲ್ಲುತ್ತದೆಂಬ ಖಾತ್ರಿಯಿಲ್ಲ. ಮಗನ ಆಟಕ್ಕಂತೂ 46 ಮಿಲಿಸೆಕೆಂಡಿನ ಏರಿಳಿತ ಗೊತ್ತಾಗಿಯೇ ಆಗುತ್ತದೆ. ಆದ್ದರಿಂದ ಎಸ್‌ಕ್ಯೂಎಂ ಬೇಡ ಎಂದು ಹೇಳಬಾರದು.

ಜಾಲಗಾರ ಬರೆದದ್ದು:

ಒಪ್ಪಿದೆ. ಬೇಡ ಎಂದು ನಾನು ಹೇಳುವುದಿಲ್ಲ, ಕೇಬಲ್ ಮೊದಲು ಎನ್ನುತ್ತೇನೆ. ಅದಾದ ಮೇಲೆ ಉಳಿದ ಹಣಕ್ಕೆ ರೌಟರ್ ಯಾವುದು ಎಂಬುದಕ್ಕೆ ಬರೋಣ.

ಎಂಟಿ7621 ಚಿಪ್ಪಿನವು, ಅಂದರೆ 880 ಮೆಗಾಹರ್ಟ್ಸ್‌ನ ಎರಡು ಮಿಪ್ಸ್ ಕೋರ್ ಇರುವವು, ಕೇಕ್ ಹಾಕಿದರೆ 200 ಎಂಬಿಪಿಎಸ್ ಆಸುಪಾಸಿನಲ್ಲೇ ಸುಸ್ತಾಗುತ್ತವೆ. ಶಿರಸಿಯ 100ಕ್ಕೆ ಸರಿ, ಮೈಸೂರಿನ 500ಕ್ಕೆ ಆಗದು. ಓಪನ್‌ಡಬ್ಲ್ಯೂಆರ್‌ಟಿ ಯೋಜನೆಯವರೇ 2024ರ ಕೊನೆಯಲ್ಲಿ ತಂದ ಓಪನ್‌ಡಬ್ಲ್ಯೂಆರ್‌ಟಿ ಒನ್‌ನಲ್ಲಿ 1.3 ಗಿಗಾಹರ್ಟ್ಸ್‌ನ ಎರಡು ಎ53 ಕೋರ್‌ಗಳಿವೆ. ಯೋಜನೆಗೆ ಬೆಂಬಲ ಕೊಡುವ ದೃಷ್ಟಿಯಿಂದ ನನಗೆ ಅದು ಇಷ್ಟ, 300ರವರೆಗೆ ಹಿಂಜರಿಯದೆ ಹೇಳುತ್ತೇನೆ. 500ಕ್ಕೆ ಎರಡೂ ದಿಕ್ಕಿನಲ್ಲಿ ಕೇಕ್ ನಡೆಸಿ, ಮೇಲೆ ವೈಫೈಯನ್ನೂ ಅದೇ ಹೊರಬೇಕೆಂದರೆ ಅಂಚಿನಲ್ಲಿರುತ್ತದೆ.

ನಿಮಗೆ ನಾನು ಹೇಳುವುದು ಮೀಡಿಯಾಟೆಕ್ ಫಿಲಾಜಿಕ್ 830 ಚಿಪ್ಪಿನ ಜಿಎಲ್-ಎಂಟಿ6000, ಅಂದರೆ ಜಿಎಲ್‌ಐನೆಟ್‌ನವರ ಫ್ಲಿಂಟ್ 2. 2 ಗಿಗಾಹರ್ಟ್ಸ್‌ನ ನಾಲ್ಕು ಎ53 ಕೋರ್, 1 ಗಿಗಾಬೈಟ್ ಮೆಮೊರಿ, ಎರಡು 2.5 ಗಿಗಾಬಿಟ್ ಕಿಂಡಿಗಳಿವೆ. ಮುಖ್ಯ ಓಪನ್‌ಡಬ್ಲ್ಯೂಆರ್‌ಟಿ ಆವೃತ್ತಿಯೇ ಅದಕ್ಕೆ ನೇರವಾಗಿ ಹೊಂದುತ್ತದೆ. 500 ಎಂಬಿಪಿಎಸ್ ಕೇಕ್ ಅದಕ್ಕೆ ಹೊರಲಾರದ ಭಾರವಲ್ಲ. ಮುಂದೆ ಗಿಗಾಬಿಟ್ ತೆಗೆದುಕೊಂಡರೆ ಮಾತ್ರ ಅದು ತನ್ನ ಮಿತಿಯ ಹತ್ತಿರ ಬರುತ್ತದೆ. ವೈಫೈ ಬೇಡ, ಗೇಟ್‌ವೇ ಮಾತ್ರ ಸಾಕು ಎನ್ನುವವರಿಗೆ ಎರಡು ಎ72 ಕೋರ್‌ಗಳಿರುವ ನ್ಯಾನೊಪೈ ಆರ್4ಎಸ್ ಒಳ್ಳೆಯದು. ಶಿರಸಿಯವರು ಹೇಳಿದ ಅಡಾಪ್ಟರ್ ವಿಷಯವನ್ನು ಇಲ್ಲಿ ಮರೆಯಬೇಡಿ: ಫ್ಲಿಂಟ್ 2ರ ಅಡಾಪ್ಟರ್ 12 ವೋಲ್ಟ್ 4 ಆಂಪಿಯರಿನದು, ಅಂಗಡಿಯ ಚಿಕ್ಕ ಯುಪಿಎಸ್ ಅದಕ್ಕೆ ಸಾಲದು.

ಕುವೆಂಪುನಗರ_ಮನೆ ಬರೆದದ್ದು:

ಪೈಪ್ ಇದೆಯೆಂದು ಎಲೆಕ್ಟ್ರಿಷಿಯನ್ ನೋಡಿ ಹೇಳಿದ್ದಾರೆ, ಕೇಬಲ್ ಎಳೆಸುತ್ತಿದ್ದೇವೆ. ಫ್ಲಿಂಟ್ 2 ಕೊಳ್ಳುವುದೆಂದು ನಿರ್ಧರಿಸಿದೆ. ಮೂರು ಅನುಮಾನಗಳು ಉಳಿದಿವೆ. ಸೇವಾದಾರರು ಕೊಟ್ಟ ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ಸಂಚಾರವನ್ನು ದಾಟಿಸುವುದಷ್ಟೇ ಮಾಡುವ ಸ್ಥಿತಿಗೆ) ಹಾಕಿಕೊಡುವುದಿಲ್ಲವೆಂದು ಸಹಾಯವಾಣಿಯವರು ಹೇಳಿದರು, ಅದರಲ್ಲೇ ಮನೆಯ ದೂರವಾಣಿಯೂ ಇದೆ. ಹೀಗಿದ್ದರೂ ಹೊಸ ರೌಟರ್ ಕೆಲಸ ಮಾಡುತ್ತದೆಯೇ? ನನ್ನ ಲ್ಯಾಪ್‌ಟಾಪಿಗೆ ಮೊದಲ ಆದ್ಯತೆ ಕೊಡುವುದು ಎಲ್ಲಿ? ಎಸ್‌ಕ್ಯೂಎಂ ಪುಟದಲ್ಲಿ ಯಾವ ಅಂಕಿ ಬರೆಯಬೇಕು?

ಶಿರಸಿ_ಸೀಮೆ ಬರೆದದ್ದು:

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಒಎನ್‌ಟಿ ಇದ್ದಲ್ಲೇ ಇರಲಿ, ದೂರವಾಣಿ ಅದರಲ್ಲೇ ನಡೆಯಲಿ. ಅದರ ಒಂದು ಕಿಂಡಿಯಿಂದ ಹೊಸ ರೌಟರಿನ ವ್ಯಾನ್ (ಹೊರಗಿನ ಸಂಪರ್ಕದ) ಕಿಂಡಿಗೆ ಕೇಬಲ್ ಹಾಕಿ. ವಿಳಾಸ ಎರಡು ಸಲ ಬದಲಾಗುತ್ತದೆ, ಆದರೆ ಎಸ್‌ಕ್ಯೂಎಂಗೆ ಅದರಿಂದ ತೊಂದರೆಯಿಲ್ಲ. ಒಎನ್‌ಟಿಯ ವೈಫೈಯನ್ನು ಪೂರ್ತಿ ನಿಲ್ಲಿಸಿ, ಅದಕ್ಕೆ ಬೇರೆ ಯಾವ ಸಾಧನವನ್ನೂ ಜೋಡಿಸಬೇಡಿ. ಒಂದು ಟಿವಿ ಅಲ್ಲಿ ಉಳಿದರೂ ಅದರ ಸಂಚಾರ ಹೊಸ ರೌಟರಿನ ಕಣ್ಣಿಗೆ ಬೀಳದೆ ಹೋಗುತ್ತದೆ, ಲೆಕ್ಕ ತಪ್ಪುತ್ತದೆ. ಎರಡು ರೌಟರಿನ ಒಳವಿಳಾಸಗಳ ಸರಣಿ ಬೇರೆ ಬೇರೆಯಾಗಿರಲಿ.

ಜಾಲಗಾರ ಬರೆದದ್ದು:

ಆದ್ಯತೆಯ ಬಗ್ಗೆ ನನ್ನ ಸಲಹೆ ನಿಮಗೆ ಅನಿರೀಕ್ಷಿತವೆನಿಸಬಹುದು: ಯಾರಿಗೂ ಮೊದಲ ಆದ್ಯತೆ ಕೊಡಬೇಡಿ. ಕೇಕ್‌ನಲ್ಲಿ ವಿಳಾಸ ಬದಲಾವಣೆಯ ಹಿಂದಿರುವ ಸಾಧನಗಳನ್ನು ಗುರುತಿಸುವ ನ್ಯಾಟ್ ಆಯ್ಕೆಯನ್ನೂ, ಅಪ್‌ಲೋಡಿಗೆ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್, ಡೌನ್‌ಲೋಡಿಗೆ ಡ್ಯುಯಲ್-ಡಿಎಸ್‌ಟಿಹೋಸ್ಟ್ ಎಂಬ ಆಯ್ಕೆಯನ್ನೂ ಬರೆದರೆ ಅದು ಮೊದಲು ಸಾಧನಗಳ ನಡುವೆ, ಆಮೇಲೆ ಒಂದೊಂದು ಸಾಧನದ ಸಂಪರ್ಕಗಳ ನಡುವೆ ಸಮನಾಗಿ ಹಂಚುತ್ತದೆ. ನಾಲ್ವರು ಒಟ್ಟಿಗೆ ತುಂಬಿಸಿದರೂ ನಿಮ್ಮ ಪಾಲು 100 ಎಂಬಿಪಿಎಸ್‌ಗಿಂತ ಕೆಳಗಿಳಿಯುವುದಿಲ್ಲ. ವಿಡಿಯೊ ಸಭೆಗೆ ಅದರಲ್ಲಿ ಸ್ವಲ್ಪವೇ ಸಾಕು. ತನ್ನ ಪಾಲಿಗಿಂತ ಕಡಿಮೆ ಬಳಸುವ ಸಂಪರ್ಕದ ಪ್ಯಾಕೆಟ್‌ಗಳು ಕಾಯದೆ ಮುಂದೆ ಹೋಗುತ್ತವೆ. ಸಾಧನವೊಂದಕ್ಕೆ ಕೈಯಾರೆ ಆದ್ಯತೆ ಕೊಟ್ಟರೆ, ಅದೇ ಲ್ಯಾಪ್‌ಟಾಪ್ ಕಚೇರಿಯ ಬ್ಯಾಕಪ್ ಶುರು ಮಾಡಿದ ದಿನ ಯಜಮಾನರ ಪಾಠಕ್ಕೆ ತೊಂದರೆಯಾಗುತ್ತದೆ. ಅಪ್ಲಿಕೇಶನ್‌ಗಳು ಹಾಕುವ ಆದ್ಯತೆಯ ಗುರುತು ಹೊರಗಿನಿಂದ ಬರುವ ದಾರಿಯಲ್ಲಿ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ, ಹಾಗಾಗಿ ಡೌನ್‌ಲೋಡ್ ಕಡೆ ಅದನ್ನು ನಂಬಿ ಕೂರುವಂತಿಲ್ಲ.

ಅಂಕಿಗಳು: ಎರಡೂ ದಿಕ್ಕಿಗೆ 450 ಎಂಬಿಪಿಎಸ್‌ನಿಂದ ಶುರು ಮಾಡಿ, ಓವರ್‌ಹೆಡ್ (ಪ್ರತಿ ಪ್ಯಾಕೆಟ್ಟಿಗೂ ಲೆಕ್ಕ ಹಿಡಿಯುವ ಹೆಚ್ಚುವರಿ ಬೈಟ್‌ಗಳು) 44 ಬರೆಯಿರಿ. ಡೌನ್‌ಲೋಡ್ ಪ್ಯಾಕೆಟ್‌ಗಳು ನಿಮ್ಮ ರೌಟರಿಗೆ ಬರುವಷ್ಟರಲ್ಲಿ ಇಕ್ಕಟ್ಟಾದ ಜಾಗವನ್ನು ದಾಟಿಬಿಟ್ಟಿರುತ್ತವೆ, ಅಲ್ಲಿ ನಾವು ಮಾಡಬಹುದಾದದ್ದು ಕಳಿಸುವವರು ನಿಧಾನಿಸುವಂತೆ ಮಾಡುವುದು ಮಾತ್ರ. ಅದಕ್ಕೇ ಆ ಕಡೆ ಶೇಕಡಾ 10ರಷ್ಟು ಅಂತರ ಬೇಕು. ಅಪ್‌ಲೋಡನ್ನು ಆಮೇಲೆ 475ರವರೆಗೆ ಏರಿಸಿ ನೋಡಬಹುದು. ಸಂಜೆಯ ಹೊತ್ತಿನಲ್ಲಿ ನಿಮ್ಮ ಬಡಾವಣೆಯ ಸಂಪರ್ಕವೇ ನಿಧಾನವಾಗುತ್ತದೆಯೇ ಎಂಬುದನ್ನೂ ಗಮನಿಸಿ. ಜಿಪಾನ್ ಎಂಬ ಫೈಬರ್ ವ್ಯವಸ್ಥೆಯಲ್ಲಿ ಕೆಳಮುಖ 2.5 ಗಿಗಾಬಿಟ್, ಮೇಲ್ಮುಖ 1.25 ಗಿಗಾಬಿಟ್ ವೇಗವನ್ನು ಒಂದೇ ಎಳೆಗೆ ಜೋಡಿಸಿದ ಹಲವು ಮನೆಗಳು ಹಂಚಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ನಿಜಕ್ಕೂ 400 ಸಿಗುತ್ತಿದ್ದರೆ 450 ಎಂಬ ಮಿತಿ ಕೆಲಸ ಮಾಡುವುದಿಲ್ಲ, ಅದನ್ನು ಇನ್ನೂ ಇಳಿಸಬೇಕಾಗುತ್ತದೆ.

ಹಾಸನದ_ಆಟಗಾರ ಬರೆದದ್ದು:

ನನ್ನ ಸಂಪರ್ಕ 150 ಎಂಬಿಪಿಎಸ್. ಎಸ್‌ಕ್ಯೂಎಂ ಹಾಕಿದ ಮೇಲೂ ವೇಗ ಪರೀಕ್ಷೆಯಲ್ಲಿ ಪೂರ್ತಿ 150 ಬರುತ್ತಿದೆ, ವಿಳಂಬ ಮಾತ್ರ ಕಡಿಮೆಯಾಗಿಲ್ಲ. 135 ಎಂದು ಬರೆದಿದ್ದೆ. ಏನು ಕಾರಣವಿರಬಹುದು?

ಮಲ್ಲೇಶ್ವರ_ಪ್ರಯೋಗಶಾಲೆ ಬರೆದದ್ದು:

ಮಿತಿ 135 ಇದ್ದೂ 150 ಬರುತ್ತಿದೆ ಎಂದರೆ ಪ್ಯಾಕೆಟ್‌ಗಳು ಕೇಕ್ ಮುಂದೆ ಹಾದುಹೋಗುತ್ತಲೇ ಇಲ್ಲ. ಫೈರ್‌ವಾಲ್ ಪುಟದಲ್ಲಿ ಹಾರ್ಡ್‌ವೇರ್ ಫ್ಲೋ ಆಫ್‌ಲೋಡ್ ಚಾಲೂ ಇರಬೇಕು, ಅದನ್ನು ತೆಗೆಯಿರಿ. ಅಥವಾ ಎಸ್‌ಕ್ಯೂಎಂ ಅನ್ನು ತಪ್ಪು ಇಂಟರ್ಫೇಸಿಗೆ ಕಟ್ಟಿರಬಹುದು. ಪಿಪಿಪಿಒಇ ಇದ್ದರೆ ಕೆಳಗಿನ ಈಥರ್ನೆಟ್ ಕಿಂಡಿಯ ಬದಲು ಪಿಪಿಪಿಒಇ-ವ್ಯಾನ್ ಎಂಬುದನ್ನು ಆರಿಸಿ. ರೌಟರಿಗೆ ಎಸ್‌ಎಸ್‌ಎಚ್ ಮೂಲಕ ಹೋಗಿ ಟಿಸಿ ಆಜ್ಞೆಯಿಂದ ಸಾಲಿನ ಅಂಕಿಗಳನ್ನು ನೋಡಿದರೆ ಕೇಕ್ ಎಷ್ಟು ಬೈಟ್ ದಾಟಿಸಿದೆ, ಎಷ್ಟು ಬೀಳಿಸಿದೆ ಎಂಬುದು ಕಾಣುತ್ತದೆ. ಡೌನ್‌ಲೋಡ್ ನಡೆಯುವಾಗ ಆ ಅಂಕಿಗಳು ಏರದಿದ್ದರೆ ದಾರಿ ತಪ್ಪಿದೆ ಎಂದೇ ಅರ್ಥ.

ಹಾಸನದ_ಆಟಗಾರ ಬರೆದದ್ದು:

ಆಫ್‌ಲೋಡ್ ಚಾಲೂ ಇತ್ತು. ತೆಗೆದ ಮೇಲೆ ವೇಗ 130ರ ಹತ್ತಿರ ಬಂತು, ಡೌನ್‌ಲೋಡ್ ನಡೆಯುವಾಗಲೂ ಮುಂಬೈ ಪಿಂಗ್ 35 ದಾಟುತ್ತಿಲ್ಲ. ತುಂಬಾ ಧನ್ಯವಾದ ಸರ್.

ಕುವೆಂಪುನಗರ_ಮನೆ ಬರೆದದ್ದು:

ಕೇಬಲ್ ಬಂತು, ರೌಟರೂ ಬಂತು. ಮಹಡಿಯಲ್ಲಿ ಕೇಬಲ್ ಹಾಕಿದ ದಿನವೇ ಹಳೆಯ ರೌಟರಿನೊಂದಿಗೇ ಸಭೆಯ ದನಿ ಸರಿಹೋಯಿತು. ಹೊಸ ರೌಟರಿನಲ್ಲಿ 450ಕ್ಕೆ ಕೇಕ್ ಹಾಕಿದ ಮೇಲೆ ಕೇಬಲ್ ಮೇಲಿನ ಪರೀಕ್ಷೆಯಲ್ಲಿ ಅಪ್‌ಲೋಡ್ ವಿಳಂಬದ ಹೆಚ್ಚಳ 46ರಿಂದ 4ಕ್ಕೆ ಇಳಿದಿದೆ, ವೇಗ 430 ಬರುತ್ತಿದೆ. ಮಗನ ಕೋಣೆಯಲ್ಲಿ ವೈಫೈ ಮೇಲೆ ಇನ್ನೂ 40ರಷ್ಟು ಹೆಚ್ಚಳ ಕಾಣುತ್ತದೆ.

ಜಾಲಗಾರ ಬರೆದದ್ದು:

ಬಹಳ ಸಂತೋಷ ಮೇಡಂ. ಮಗನ ಕೋಣೆಯ 40 ಗಾಳಿಯದ್ದೇ, ಅದನ್ನು ಎಸ್‌ಕ್ಯೂಎಂ ಅಂಕಿ ಬದಲಿಸಿ ಸರಿಪಡಿಸಲು ಹೋಗಬೇಡಿ. ಮಹಡಿಯ ಆಕ್ಸೆಸ್ ಪಾಯಿಂಟಿನ ಚಾನೆಲ್ ಅಗಲ 160 ಮೆಗಾಹರ್ಟ್ಸ್ ಇದ್ದರೆ 80ಕ್ಕೆ ಇಳಿಸಿ, ಅಕ್ಕಪಕ್ಕದ ಮನೆಗಳ ಗದ್ದಲ ಕಡಿಮೆಯಿರುವ ಚಾನೆಲ್ ಆರಿಸಿ. ಅವನ ಆಟದ ಯಂತ್ರಕ್ಕೆ ಈಥರ್ನೆಟ್ ಕಿಂಡಿಯಿದ್ದರೆ, ಮಹಡಿಗೆ ಬಂದಿರುವ ಕೇಬಲ್ಲಿಗೆ ಐದು ಕಿಂಡಿಯ ಗಿಗಾಬಿಟ್ ಸ್ವಿಚ್ ಹಾಕಿ ಅಲ್ಲಿಂದ ಅವನ ಕೋಣೆಗೂ ಒಂದು ಎಳೆ ಕೊಡಿಸಿ. ನೆಟ್‌ವರ್ಕ್ ಪುಟದಲ್ಲಿ ಪ್ಯಾಕೆಟ್ ಸ್ಟೀರಿಂಗ್ (ಪ್ಯಾಕೆಟ್‌ಗಳ ಕೆಲಸವನ್ನು ಕೋರ್‌ಗಳ ನಡುವೆ ಹಂಚುವ ಆಯ್ಕೆ) ಚಾಲೂ ಇದೆಯೇ ಎಂಬುದನ್ನೂ ಒಮ್ಮೆ ನೋಡಿ. ಅಪ್‌ಲೋಡ್ ಒಂದು ಕೋರ್ ಮೇಲೆ, ಡೌನ್‌ಲೋಡ್ ಇನ್ನೊಂದರ ಮೇಲೆ ಬಿದ್ದರೆ ಎರಡೂ ಒಟ್ಟಿಗೆ ನಡೆಯುವಾಗಲೂ 430 ನಿಲ್ಲುತ್ತದೆ.